ರೈಲು ಸೇತುವೆ ಎತ್ತಿ ಬೋಟು ದಾಟಿಸುವ ಕ್ರಮ

ಕಾಸರಗೋಡಿನಿಂದ ಮಂಜೇಶ್ವರದವರೆಗೆ ರೈಲು ಮೊಗ್ರಾಲ್, ಕುಂಬಳೆ, ಶಿರಿಯ, ಉಪ್ಪಳ ಹೊಳೆಗಳನ್ನು ದಾಟುತ್ತದೆ. ಅಲ್ಲಿನ ಸೇತುವೆಗಳೆಲ್ಲ ಕದಲದವು. ಅಡಿಯಲ್ಲಿ ಹೋಗುವ ದೋಣಿಯೇ ಕಂಬ ಮಡಚಿ ತಗ್ಗಬೇಕು. ಆದ್ದರಿಂದ ನಮ್ಮ ಕಡೆಯ ಬೋಟಿನವರಿಗೆ ರೈಲು ಸೇತುವೆ ತಾನಾಗಿ ಎದ್ದು ದಾರಿ ಬಿಡುವ ವ್ಯವಸ್ಥೆಯ ಪರಿಚಯ ಆಗುವುದು ಕನ್ಯಾಕುಮಾರಿ ಸುತ್ತಿ ಪೂರ್ವ ಕರಾವಳಿಗೆ ಹೊರಟಾಗ, ರಾಮೇಶ್ವರದ ಪಾಂಬನ್‌ನಲ್ಲಿ. ರೈಲ್ವೆಯಲ್ಲಿ ದುಡಿಯುವ ನಮ್ಮವರಿಗೂ ಅದು ದೂರದ್ದಲ್ಲ. ಕಾಸರಗೋಡು ಪಾಲಕ್ಕಾಡ್ ವಿಭಾಗದಲ್ಲಿದೆ, ಪಾಂಬನ್ ಮದುರೆ ವಿಭಾಗದಲ್ಲಿದೆ, ಎರಡೂ ದಕ್ಷಿಣ ರೈಲ್ವೆಯವು. ಈ ಬರಹ ಸೇತುವೆಯ ಕ್ಯಾಬಿನ್ನಿನಲ್ಲಿ ಕೂರುವವರಿಗೂ ಬೋಟಿನ ಚುಕ್ಕಾಣಿ ಹಿಡಿಯುವವರಿಗೂ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದೇ ಇಲ್ಲಿ ಅರ್ಧ ತೊಂದರೆಗೆ ಕಾರಣ.

ಯಂತ್ರವನ್ನು ಮೊದಲು ತಿಳಿಯಿರಿ

ಎತ್ತುವ ಸೇತುವೆ ಯಾವ ಬಗೆಯದ್ದಾದರೂ ತತ್ವ ಒಂದೇ: ಮೋಟಾರು ಸೇತುವೆಯನ್ನು ಹೊರುವುದಿಲ್ಲ. ಗದ್ದೆಗೆ ನೀರೆತ್ತುವ ಏತದ ಹಿಂತುದಿಯಲ್ಲಿ ಕಲ್ಲು ಕಟ್ಟಿರುವಂತೆ, ಸೇತುವೆಯ ಭಾರಕ್ಕೆ ಹೆಚ್ಚುಕಡಿಮೆ ಸಮನಾದ ಪ್ರತಿಭಾರ ಇನ್ನೊಂದು ಕಡೆ ಇರುತ್ತದೆ. ಮೋಟಾರು ಗೆಲ್ಲಬೇಕಾದ್ದು ತಿಕ್ಕಾಟ, ಗಾಳಿ ಮತ್ತು ಎರಡು ಭಾರಗಳ ನಡುವಿನ ಸಣ್ಣ ವ್ಯತ್ಯಾಸ, ಇಷ್ಟನ್ನೇ.

1914ರ ಫೆಬ್ರವರಿ 24ರಂದು ತೆರೆದ ಹಳೆಯ ಪಾಂಬನ್ ಸೇತುವೆಯಲ್ಲಿ ಇದ್ದದ್ದು ಶೆರ್ಜರ್ ಬಗೆಯ ಎರಡು ರೆಕ್ಕೆಗಳು, ತಲಾ 415 ಟನ್. ಅವು ಬಾಗಿದ ಬುಡದ ಮೇಲೆ ಹಿಂದಕ್ಕೆ ಉರುಳುತ್ತ ಮೇಲೇಳುತ್ತಿದ್ದವು. ಅಷ್ಟು ತೂಕವನ್ನು ಆಳುಗಳು ಸನ್ನೆಕೋಲು ತಿರುಗಿಸಿ ಕೈಯಿಂದಲೇ ಎತ್ತುತ್ತಿದ್ದರು ಎಂಬುದೇ ಪ್ರತಿಭಾರ ಏನು ಮಾಡುತ್ತದೆ ಎಂಬುದಕ್ಕೆ ಸಾಕ್ಷಿ. 1964ರ ಡಿಸೆಂಬರ್ ಚಂಡಮಾರುತ ಕಲ್ಲುಕಂಬಗಳ ಮೇಲಿನ ಗರ್ಡರುಗಳನ್ನು ಕಿತ್ತೊಯ್ದರೂ ಶೆರ್ಜರ್ ಅಂಕಣ, ಅಂದರೆ ಎರಡು ಕಂಬಗಳ ನಡುವಿನ ಆ ಎತ್ತುವ ಭಾಗ, ಉಳಿಯಿತು. 2022ರ ಡಿಸೆಂಬರ್‌ನಲ್ಲಿ ಅದರ ಮೇಲಿನ ರೈಲು ಸಂಚಾರ ನಿಂತಿತು.

2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸ ಸೇತುವೆ ಬೇರೆ ಬಗೆಯದ್ದು. ಇದರಲ್ಲಿ 18.3 ಮೀಟರಿನ 99 ಅಂಕಣಗಳಿವೆ, ನಡುವೆ 72.5 ಮೀಟರಿನ ಒಂದು ಎತ್ತುವ ಅಂಕಣ. ಆ ಅಂಕಣ ಎರಡು ಗೋಪುರಗಳ ನಡುವೆ ಅಡ್ಡಡ್ಡವಾಗಿಯೇ, ವಾಲದೆ, ನೇರ 17 ಮೀಟರ್ ಮೇಲಕ್ಕೆ ಹೋಗುತ್ತದೆ. ತೂಕ ಸುಮಾರು 660 ಟನ್. ಪೂರ್ತಿ ಎದ್ದಾಗ ನೀರಿನಿಂದ 22 ಮೀಟರ್ ತೆರವು ಸಿಗುತ್ತದೆ. ಎತ್ತಲು ಬೇಕಾದ್ದು ಸುಮಾರು ಐದೂವರೆ ನಿಮಿಷ, ಅಂದರೆ ಸೆಕೆಂಡಿಗೆ ಸರಾಸರಿ 5 ಸೆಂಟಿಮೀಟರ್. ಬೋಟಿನವರು ಈ ವೇಗವನ್ನು ನೆನಪಿಡಬೇಕು. ಅಂಕಣ ಕದಲುತ್ತಿರುವುದು ದೂರದಿಂದ ಕಣ್ಣಿಗೆ ಕಾಣುವುದೇ ಇಲ್ಲ, ನಿಂತಿದೆಯೋ ಏರುತ್ತಿದೆಯೋ ಎಂದು ನೋಡಿ ಹೇಳಲಾಗದು.

ಎತ್ತುವ ಮೊದಲು: ಹಳಿಯನ್ನು ಕೈಗೆ ತೆಗೆದುಕೊಳ್ಳುವುದು

ಸೇತುವೆ ರೈಲಿನದು. ಬೋಟಿಗೆ ಅದನ್ನು ಕೆಲಹೊತ್ತು ಕೊಡುತ್ತೇವೆ ಅಷ್ಟೆ. ಹಾಗಾಗಿ ಗುಂಡಿಗೆ ಕೈ ಹಾಕುವ ಮೊದಲು ಒಂದು ವಿಷಯ ಖಚಿತವಾಗಬೇಕು: ಆ ಕಡೆಯ ಸ್ಟೇಶನ್ನಿಗೂ ಈ ಕಡೆಯ ಸ್ಟೇಶನ್ನಿಗೂ ನಡುವೆ ರೈಲಿಲ್ಲ, ಟ್ರಾಲಿಯಿಲ್ಲ, ಹಳಿ ಕೆಲಸದ ಗ್ಯಾಂಗ್ ಇಲ್ಲ, ನಾವು ಬಿಡುವವರೆಗೆ ಯಾವುದೂ ಒಳಗೆ ಬರುವಂತಿಲ್ಲ. ಪಾಂಬನ್‌ನಲ್ಲಿ ಸೇತುವೆಯ ಒಂದು ಕಡೆ ಮಂಟಪಂ, ಇನ್ನೊಂದು ಕಡೆ ಪಾಂಬನ್ ಸ್ಟೇಶನ್.

ಕ್ರಮ ಹೀಗೆ. ದಾಟಬೇಕಾದ ಬೋಟುಗಳ ಕೋರಿಕೆ ಬಂದರು ಕಚೇರಿಯಿಂದ ಬರುತ್ತದೆ. ಆ ಮಾರ್ಗದ ರೈಲು ಸಂಚಾರ ನೋಡಿಕೊಳ್ಳುವ ಸೆಕ್ಷನ್ ಕಂಟ್ರೋಲರ್ ರೈಲುಗಳ ನಡುವೆ ಬಿಡುವು ನೋಡಿ ಬ್ಲಾಕ್, ಅಂದರೆ ಹಳಿಯ ಮೇಲೆ ರೈಲು ಬಿಡದ ಅವಧಿ, ಕೊಡುತ್ತಾರೆ. ಎರಡೂ ಕಡೆಯ ಸ್ಟೇಶನ್ ಮಾಸ್ಟರುಗಳು ಸೇತುವೆಗೆ ಬಿಡುವ ಸಿಗ್ನಲ್ಲುಗಳನ್ನು ಕೆಂಪಿಗಿಟ್ಟು, ಪ್ರೈವೇಟ್ ನಂಬರ್ (ಮಾತು ಖಚಿತವೆಂಬುದಕ್ಕೆ ಕೊಡುವ ಗುಟ್ಟಿನ ಸಂಖ್ಯೆ) ವಿನಿಮಯ ಮಾಡಿ ದಾಖಲಿಸುತ್ತಾರೆ. ಆ ಮೇಲೆಯೇ ಸೇತುವೆಯ ನಿಯಂತ್ರಣ ಕ್ಯಾಬಿನ್ನಿಗೆ ಸಿಗುತ್ತದೆ. ಅದು ಕೀಲಿಯ ರೂಪದಲ್ಲಿರಲಿ, ಪ್ಯಾನಲ್ಲಿನ ದೀಪದ ರೂಪದಲ್ಲಿರಲಿ, ಇಂಟರ್‌ಲಾಕಿಂಗ್‌ನ ಅರ್ಥ ಒಂದೇ: ನಿಯಂತ್ರಣ ಸ್ಟೇಶನ್ ಬಳಿ ಇರುವಾಗ ಸೇತುವೆಯ ಬೀಗ ಬಿಡದು, ಸೇತುವೆ ಬಳಿ ಇರುವಾಗ ಸಿಗ್ನಲ್ ಹಸಿರಾಗದು. ಎರಡೂ ಒಟ್ಟಿಗೆ ಆಗುವಂತೆ ವೈರು ಜೋಡಿಸಿ "ತಾತ್ಕಾಲಿಕವಾಗಿ" ಕೆಲಸ ಸಾಗಿಸುವವರು ಇದ್ದರೆ ಅಂಥವರ ಜತೆ ಪಾಳಿ ಮಾಡಬೇಡಿ. ಬಾಯಿಮಾತಿನ ಅನುಮತಿ, ಬೇರೆಯವರ ಮೂಲಕ ಬಂದ ಅನುಮತಿ, "ನಿನ್ನೆಯ ಹಾಗೇ" ಎಂಬ ಅನುಮತಿ, ಇವು ಯಾವುವೂ ಅನುಮತಿಯಲ್ಲ. ಸಂಖ್ಯೆ, ಗಂಟೆ, ನಿಮಿಷ ಬರೆದುಕೊಳ್ಳಿ.

ನಿಯಂತ್ರಣ ಸಿಕ್ಕ ಮೇಲೆ ಗಾಳಿ ನೋಡಿ. ಹಳೆಯ ಸೇತುವೆಯಲ್ಲಿ ಗಾಳಿ ಗಂಟೆಗೆ 58 ಕಿಲೋಮೀಟರ್ ದಾಟಿದರೆ ರೈಲನ್ನೇ ಬಿಡುತ್ತಿರಲಿಲ್ಲ. ಎತ್ತಿದ ಅಂಕಣಕ್ಕೆ ಗಾಳಿಯ ಕಾಟ ಇನ್ನೂ ಹೆಚ್ಚು, ಏಕೆಂದರೆ ಆಗ ಅದನ್ನು ಹಿಡಿದಿರುವುದು ಗೋಪುರದ ಮಾರ್ಗದರ್ಶಿ ರೋಲರುಗಳು ಮಾತ್ರ. ಸರಾಸರಿಯನ್ನಲ್ಲ, ಬೀಸುಗಾಳಿಯ ಗರಿಷ್ಠವನ್ನು ನೋಡಿ. ಹತ್ತು ನಿಮಿಷದಲ್ಲಿ ಗಾಳಿ ಏರುತ್ತಲೇ ಇದ್ದರೆ ಮಿತಿ ಇನ್ನೂ ದಾಟಿಲ್ಲ ಎಂದು ಎತ್ತಬೇಡಿ. ಏರಿಸಿದ ಮೇಲೆ ಇಳಿಸಲೇಬೇಕು, ಇಳಿಸುವ ಹೊತ್ತಿಗೆ ಗಾಳಿ ಇನ್ನೂ ಹೆಚ್ಚಿರುತ್ತದೆ.

ಮುಂದಿನದು ಕಣ್ಣಿನ ತಪಾಸಣೆ. ಅಂಕಣದ ಮೇಲೆ ಮನುಷ್ಯರಿಲ್ಲ, ಸಲಕರಣೆ ಬಿಟ್ಟಿಲ್ಲ, ತುದಿಯ ಹಳಿ ಕೂಡಿಕೆಗಳಲ್ಲಿ ಕಲ್ಲು ಸಿಕ್ಕಿಲ್ಲ, ಮೇಲೆ ವಿದ್ಯುತ್ ತಂತಿ ಇರುವ ಮಾರ್ಗವಾದರೆ ಆ ತುಂಡಿನ ವಿದ್ಯುತ್ ಕಡಿದು ಅದಕ್ಕೂ ಬರಹದ ದೃಢೀಕರಣ ಬಂದಿದೆ. ಕ್ಯಾಮೆರಾ ಇದ್ದರೂ ಒಬ್ಬರು ನಡೆದು ನೋಡಿ ಬರುವುದು ಒಳ್ಳೆಯದು. ಕ್ಯಾಮೆರಾದ ಗಾಜಿಗೆ ಉಪ್ಪು ಹಿಡಿದಿರುತ್ತದೆ.

ಎತ್ತುವುದು

ಮೊದಲು ತುದಿಯ ಬೀಗಗಳನ್ನು ಹಿಂದಕ್ಕೆ ಎಳೆಯಬೇಕು. ನಾಲ್ಕು ಮೂಲೆಯ ಬೀಗಗಳೂ ಬಿಟ್ಟಿವೆ ಎಂದು ಪ್ಯಾನಲ್ ತೋರಿಸುವವರೆಗೆ ಬ್ರೇಕ್ ಬಿಡುವಂತಿಲ್ಲ. ಮೂರು ಬಿಟ್ಟು ಒಂದು ಹಿಡಿದಿದ್ದರೆ ಅಂಕಣ ಏಳುವಾಗ ಆ ಮೂಲೆ ಕೆಳಗೇ ಉಳಿದು ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ. ಆಮೇಲೆ ಮೋಟಾರಿಗೆ ತುಸು ಬಲ ಕೊಟ್ಟು, ಬ್ರೇಕ್ ಬಿಟ್ಟು, ತೀರಾ ನಿಧಾನ ವೇಗದಲ್ಲಿ ಅರ್ಧ ಮೀಟರಿನಷ್ಟು ಎತ್ತಿ. ಈ ಅರ್ಧ ಮೀಟರ್ ಇಡೀ ಏರಿಕೆಯ ಮುಖ್ಯ ಭಾಗ. ಸದ್ದು ಕೇಳಿ, ಎರಡೂ ತುದಿಗಳ ಎತ್ತರದ ಅಂಕಿ ಹೋಲಿಸಿ, ಮೋಟಾರಿನ ಆಂಪಿಯರ್ ನೋಡಿ. ಎಲ್ಲ ಸರಿಯಿದ್ದರೆ ಪೂರ್ಣ ವೇಗ. ಮೇಲಿನ ತುದಿ ಹತ್ತಿರವಾದಂತೆ ವೇಗ ತಾನಾಗಿ ತಗ್ಗಬೇಕು. ತಗ್ಗದಿದ್ದರೆ ಮಿತಿ ಸ್ವಿಚ್ಚನ್ನು ನಂಬಿ ಕಾಯಬೇಡಿ, ಕೈಯಿಂದ ನಿಲ್ಲಿಸಿ. ಪೂರ್ತಿ ಎದ್ದು, ಬ್ರೇಕ್ ಕಚ್ಚಿದೆ ಎಂಬ ಸೂಚನೆ ಬಂದ ಮೇಲೆಯೇ ನೀರಿನ ಕಡೆಗೆ ಹಸಿರು ತೋರಿಸಬೇಕು. ಅಂಕಣ ಅರ್ಧ ಏರಿದಾಗ "ಸಣ್ಣ ಬೋಟು ತಾನೆ, ಹೋಗಲಿ" ಎಂದು ಬಿಡುವುದು ಕೆಟ್ಟ ಅಭ್ಯಾಸ. ಅಡಿಯಲ್ಲಿ ಬೋಟಿರುವಾಗ ಏನಾದರೂ ತೊಡಕಾದರೆ ಎತ್ತಲೂ ಆಗದು, ಇಳಿಸಲೂ ಆಗದು.

ಇಳಿಸಿ ಕೂರಿಸುವುದು

ಎತ್ತುವಾಗ ತಪ್ಪಾದರೆ ಬೋಟು ಕಾಯಬೇಕಾಗುತ್ತದೆ. ಇಳಿಸಿ ಕೂರಿಸುವಾಗ ತಪ್ಪಾದರೆ ರೈಲು ಹಳಿ ತಪ್ಪುತ್ತದೆ. ಆದರೂ ಎಲ್ಲರ ಅವಸರ ಶುರುವಾಗುವುದು ಬೋಟುಗಳು ದಾಟಿದ ಮೇಲೆಯೇ. ಪಾಳಿಯ ಹಿರಿಯರು ತಮ್ಮ ಪೂರ್ತಿ ಗಮನವನ್ನು ಇದಕ್ಕೆ ಉಳಿಸಿಟ್ಟುಕೊಳ್ಳಬೇಕು.

ಬೋಟುಗಳನ್ನು ಎಣಿಸಿ. ಬಂದರು ಕಚೇರಿ ಹೇಳಿದ ಸಂಖ್ಯೆ ಮತ್ತು ದಾಟಿದ ಸಂಖ್ಯೆ ತಾಳೆಯಾಗಬೇಕು. ಆಗದಿದ್ದರೆ ಕೇಳಿ ತಿಳಿಯಿರಿ. ನೀರಿನ ಕಡೆಗೆ ಕೆಂಪು ಹಾಕಿ, ಎಚ್ಚರಿಕೆಯ ಸೈರನ್ ಕೊಟ್ಟು, ಎರಡೂ ಕಡೆ ಕಣ್ಣಾಡಿಸಿ, ಆಮೇಲೆ ಇಳಿಕೆ. ಕೊನೆಯ ಒಂದು ಮೀಟರಿನಲ್ಲಿ ಮತ್ತೆ ನಿಧಾನ ವೇಗ. ಅಂಕಣದ ಕಡೆಗೆ ಭಾರ ತುಸು ಹೆಚ್ಚಿರುವಂತೆ ತೂಗಿರುತ್ತಾರೆ, ಕುಳಿತ ಮೇಲೆ ತಾನಾಗಿ ಮೇಲೇಳಬಾರದೆಂದು. ಹಾಗಾಗಿ ಅದು ಮೆತ್ತಗೆ ಕೂರಬೇಕು, ಬೀಳಬಾರದು. ಕೂತ ಮೇಲೆ ಮೂರು ವಿಷಯ ಬೇರೆ ಬೇರೆಯಾಗಿ ಸಾಬೀತಾಗಬೇಕು. ನಾಲ್ಕೂ ಬೇರಿಂಗುಗಳ ಮೇಲೆ ಅಂಕಣ ಕೂತಿದೆ, ಬೀಗಗಳು ಪೂರ್ತಿ ಒಳಹೋಗಿವೆ, ಹಳಿಯ ಕೂಡಿಕೆಗಳು ಎತ್ತರದಲ್ಲೂ ಸಾಲಿನಲ್ಲೂ ಸರಿಯಾಗಿವೆ. ಒಂದು ಸರಿಯಾಗಿದ್ದರೆ ಉಳಿದವೂ ಸರಿ ಎಂದು ಊಹಿಸುವಂತಿಲ್ಲ. ಬೀಗ ಒಳಹೋಗಿದ್ದೂ ಒಂದು ಮೂಲೆ ಕಸದ ಮೇಲೆ ಕೂತಿರಬಹುದು. ಮೂರೂ ಸರಿಯೆಂದಾದ ಮೇಲೆ ನಿಯಂತ್ರಣವನ್ನು ಸ್ಟೇಶನ್ನಿಗೆ ಮರಳಿಸಿ, ಸಮಯ ಬರೆದು, ಪ್ರೈವೇಟ್ ನಂಬರ್ ಪಡೆಯಿರಿ. ಹೊಸ ಪಾಂಬನ್ ಸೇತುವೆಗೆ ಸುರಕ್ಷಾ ಕಮಿಷನರ್ ಒಪ್ಪಿದ ವೇಗ ಗಂಟೆಗೆ 75 ಕಿಲೋಮೀಟರ್, ಎತ್ತುವ ಅಂಕಣದ ಮೇಲೆ 50. ಕೂಡಿಕೆಯಲ್ಲಿ ಸಂಶಯವಿದ್ದರೆ ಕಾಷನ್ ಆರ್ಡರ್ (ನಿಧಾನ ಹೋಗಿ ಎಂದು ರೈಲು ಚಾಲಕರಿಗೆ ಕೊಡುವ ಬರಹದ ಸೂಚನೆ) ಕೊಡುವುದು ಪರಿಹಾರವಲ್ಲ. ಇನ್ನೊಮ್ಮೆ ಎತ್ತಿ, ಒರೆಸಿ, ಕೂರಿಸಿ.

ಕೆಡುವುದೆಲ್ಲಿ, ಏಕೆ

ಮಧ್ಯಾಹ್ನ ಬೀಗ ಹೋಗದಿರುವುದು ತೀರ ಸಾಮಾನ್ಯ ದೂರು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಶಾಖಕ್ಕೆ 0.012 ಮಿಲಿಮೀಟರ್ ಹಿಗ್ಗುತ್ತದೆ. 72.5 ಮೀಟರ್ ಅಂಕಣ, ಬೆಳಗಿನ ಜಾವಕ್ಕೂ ನಡುಮಧ್ಯಾಹ್ನಕ್ಕೂ ಉಕ್ಕಿನಲ್ಲಿ 20 ಡಿಗ್ರಿ ವ್ಯತ್ಯಾಸ ಎಂದರೆ 17 ಮಿಲಿಮೀಟರಿಗೂ ಮೇಲೆ. ಒಂದು ತುದಿ ಬಂಧಿಯಾಗಿದ್ದರೆ ಅಷ್ಟೂ ಇನ್ನೊಂದು ತುದಿಯಲ್ಲಿ ಕಾಣುತ್ತದೆ. ಬಿಸಿಲು ಒಂದೇ ಮಗ್ಗುಲಿಗೆ ಬಿದ್ದರೆ ಅಂಕಣ ಪಕ್ಕಕ್ಕೂ ತುಸು ಬಾಗುತ್ತದೆ. ಹೀಗಾದಾಗ ಬೀಗದ ಮೋಟಾರನ್ನು ಮತ್ತೆ ಮತ್ತೆ ಒತ್ತಿ ತಳ್ಳಿದರೆ ಕೊಂಡಿ ಬಾಗುತ್ತದೆ, ಆಮೇಲೆ ತಂಪು ಹೊತ್ತಿನಲ್ಲೂ ಹೋಗದು. ತಲೆಬೇನೆ ತಪ್ಪಿಸುವ ದಾರಿ ಎಂದರೆ ಮಧ್ಯಾಹ್ನದ ಅಳತೆಗೆ ತೆರವು ಹೊಂದಿಸಿಡುವುದು, ಮತ್ತು ಸಾಧ್ಯವಿದ್ದಾಗ ಬೆಳಿಗ್ಗೆಯೇ ಎತ್ತುವುದು.

ಎರಡನೆಯದು ಓರೆ, ಅಂದರೆ ಒಂದು ತುದಿ ಇನ್ನೊಂದಕ್ಕಿಂತ ಮೇಲಿರುವುದು. ಗೋಪುರಗಳ ಎರಡು ಯಂತ್ರಗಳು ಹೊಂದಿಕೊಂಡು ಓಡಬೇಕಾದ ಸೇತುವೆಯಲ್ಲಿ ಇದು ಸದಾ ಕಾಡುವ ಅಪಾಯ. ಉಕ್ಕಿನ ಹಗ್ಗಗಳ ಎಳೆತ ಸಮವಿಲ್ಲದಿರುವುದು, ಮಾರ್ಗದರ್ಶಿ ರೋಲರ್ ಸಿಕ್ಕಿಹಾಕಿಕೊಂಡಿರುವುದು, ಎತ್ತರ ಅಳೆಯುವ ಎನ್‌ಕೋಡರ್ ಜಾರಿರುವುದು ಇದರ ಕಾರಣಗಳು. ಕೊನೆಯದರಲ್ಲಿ ಅಂಕಣ ನೆಟ್ಟಗೇ ಇರುತ್ತದೆ, ಅಂಕಿ ಮಾತ್ರ ಸುಳ್ಳು. ಆದ್ದರಿಂದ ಗೋಪುರದ ಮೇಲೆ ಬಣ್ಣದಲ್ಲಿ ಬರೆದ ಮೀಟರ್ ಗುರುತುಗಳನ್ನು ಕಣ್ಣಾರೆ ನೋಡಿ ಹೋಲಿಸಬೇಕು. ಓರೆಯಿಂದ ಯಂತ್ರ ತಾನಾಗಿ ನಿಂತರೆ ರೀಸೆಟ್ ಒತ್ತಿ ಮುಂದುವರಿಸಬೇಡಿ. ಬ್ರೇಕ್ ಹಾಕಿ, ಬೋಟುಗಳನ್ನು ತಡೆದು, ನಿರ್ವಹಣೆಯವರನ್ನು ಕರೆಸಿ. ಒಂದೇ ತುದಿಯನ್ನು ಓಡಿಸಿ ಸರಿಪಡಿಸುವುದು ಅವರ ಕೆಲಸ, ಅದೂ ನಿಧಾನ ವೇಗದಲ್ಲಿ.

ಮೂರನೆಯದು ತೂಕದ ಸಮತೋಲ ತಪ್ಪುವುದು. ಇದು ದಿನದಲ್ಲಿ ಕಾಣದು, ತಿಂಗಳುಗಳಲ್ಲಿ ಕಾಣುತ್ತದೆ. ಹಾಗಾಗಿ ಪ್ರತಿ ಸಲವೂ ಏರುವಾಗಿನ ಆಂಪಿಯರ್, ಇಳಿಯುವಾಗಿನ ಆಂಪಿಯರ್ ಎರಡನ್ನೂ ಬರೆದಿಡಿ, ಗಾಳಿ ಕಡಿಮೆಯಿದ್ದ ದಿನಗಳನ್ನೇ ಹೋಲಿಸಿ. ಏರುವಾಗಿನದು ಹೆಚ್ಚಿ ಇಳಿಯುವಾಗಿನದು ತಗ್ಗಿದ್ದರೆ ಅಂಕಣ ಭಾರವಾಗಿದೆ: ಹೊಸ ಬಣ್ಣದ ಪದರ, ನೀರು ಹೋಗುವ ತೂತು ಮುಚ್ಚಿ ಗರ್ಡರಿನೊಳಗೆ ನಿಂತ ಮಳೆನೀರು, ಮರೆತು ಬಿಟ್ಟ ಸ್ಲೀಪರ್ ಹೀಗೆ ಏನೋ ಇದೆ. ಎರಡೂ ಒಟ್ಟಿಗೆ ಹೆಚ್ಚಿದ್ದರೆ ಭಾರ ಬದಲಾಗಿಲ್ಲ, ತಿಕ್ಕಾಟ ಹೆಚ್ಚಿದೆ. ಗ್ರೀಸ್ ಉಪ್ಪು ಮರಳು ಸೇರಿ ಗಟ್ಟಿಯಾಗಿದೆ ಅಥವಾ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಹಳೆಯ ಗ್ರೀಸ್ ಒರೆಸದೆ ಮೇಲೆ ಹೊಸತು ಮೆತ್ತಿದರೆ ಮರಳಿಗೆ ಇನ್ನಷ್ಟು ಹಿಡಿತ ಸಿಗುತ್ತದೆ ಅಷ್ಟೆ. ಉಕ್ಕಿನ ಹಗ್ಗಕ್ಕೂ ಇದೇ ಮಾತು. ಬಟ್ಟೆಯಿಂದ ಒರೆಸುವಾಗ ಎಳೆ ಎಳೆಯಾಗಿ ಸಿಕ್ಕಿಕೊಂಡರೆ ಅಲ್ಲಿ ತಂತಿ ಮುರಿದಿದೆ ಎಂದರ್ಥ. ಆ ಜಾಗ ಗುರುತು ಮಾಡಿ, ಒಂದು ಸುತ್ತಿನ ಉದ್ದದಲ್ಲಿ ಎಷ್ಟು ಮುರಿದಿವೆ ಎಂದು ಎಣಿಸಿ ಬರೆಯಿರಿ.

ಕರೆಂಟು ಹೋದರೆ ಜನರೇಟರ್, ಅದೂ ಕೈಕೊಟ್ಟರೆ ಸಣ್ಣ ಮೋಟಾರು ಅಥವಾ ಕೈ ಹಿಡಿಕೆ. ಇವನ್ನು ಓಡಿಸಿ ನೋಡುವುದು ಬೇಡವಾದ ಖರ್ಚು ಎಂದುಕೊಳ್ಳುವ ಕಡೆಗಳಲ್ಲೇ ಬೇಕಾದಾಗ ಅವು ಓಡುವುದಿಲ್ಲ.

ಬೋಟಿನವರಿಗೆ

ಮೊದಲು ಎತ್ತರ ಅಳೆಯಿರಿ. ನೀರಿನ ಮಟ್ಟದಿಂದ ಕಂಬದ ತುದಿಯವರೆಗೆ, ಅದರ ಮೇಲಿನ ಆಂಟೆನಾ, ದೀಪ, ಬಾವುಟದ ಕೋಲು ಸೇರಿಸಿ. ಅಳೆಯಬೇಕಾದ್ದು ಡೀಸೆಲ್, ಮಂಜುಗಡ್ಡೆ, ಮೀನು ಯಾವುದೂ ಇಲ್ಲದೆ ಬೋಟು ಹಗುರವಾಗಿ ಮೇಲೆ ನಿಂತಿರುವಾಗ. ತುಂಬಿದ ಬೋಟಿನ ಅಳತೆ ಹಿಡಿದು ಹೋದವರು ಖಾಲಿ ಬರುವಾಗ ಆಂಟೆನಾ ಕಳೆದುಕೊಳ್ಳುತ್ತಾರೆ. ಸಾಮಾನ್ಯ ಮೀನುಗಾರಿಕೆ ಬೋಟಿಗೆ 22 ಮೀಟರ್ ಧಾರಾಳ. ಆದರೆ ಬಾರ್ಜು, ಕ್ರೇನ್ ಹೊತ್ತ ಹಡಗು ಇವಕ್ಕೆ ಇದೇ ಮುಖ್ಯ ಲೆಕ್ಕ. ಪಕ್ಕದಲ್ಲೇ ಇರುವ ರಸ್ತೆ ಸೇತುವೆ ಏಳುವುದಿಲ್ಲ ಎಂಬುದನ್ನೂ ಮರೆಯಬಾರದು. ಎರಡನ್ನೂ ಒಂದೇ ನೇರದಲ್ಲಿ ದಾಟಬೇಕು. ಬೋಟಿನ ಅಡಿ ಎಷ್ಟು ನೀರು ಕೇಳುತ್ತದೆ ಎಂಬುದನ್ನೂ ಬಂದರು ಕಚೇರಿಗೆ ತಿಳಿಸಿ. ಕಾಲುವೆ ಆಳವಿಲ್ಲದ್ದು, ಬಂಡೆಯದ್ದು.

ಪಾಂಬನ್ ಬಂದರು ಕಚೇರಿ ತಮಿಳುನಾಡು ಕಡಲ ಮಂಡಳಿಯ ಕೆಳಗೆ ಬರುತ್ತದೆ. ನೋಂದಣಿ ಪುಸ್ತಕ, ಪರವಾನಗಿ, ಕೆಲಸಗಾರರ ಗುರುತು ಚೀಟಿಗಳೊಂದಿಗೆ ಅಲ್ಲಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಸರದಿ ಕಾಯಬೇಕು. ಒಂದೊಂದು ಬೋಟಿಗೂ ಸೇತುವೆ ಏಳುವುದಿಲ್ಲ, ಗುಂಪಾಗಿ ಬಿಡುತ್ತಾರೆ. ಆದ್ದರಿಂದ ಒಂದೆರಡು ದಿನದ ಊಟ, ಕುಡಿಯುವ ನೀರು, ಡೀಸೆಲ್ ಹೆಚ್ಚಿಗೆ ಇಟ್ಟುಕೊಂಡು ಹೋಗಿ. ಸ್ಥಳೀಯ ಪೈಲಟ್ ತೆಗೆದುಕೊಳ್ಳಿ ಎಂದರೆ ಚೌಕಾಸಿ ಮಾಡದೆ ತೆಗೆದುಕೊಳ್ಳಿ. ಅಲ್ಲಿನ ಸೆಳೆತ ನಮ್ಮ ಅಳಿವೆಗಳ ಸೆಳೆತದಂತಲ್ಲ. ನಮ್ಮಲ್ಲಿ ಉಬ್ಬರ ಇಳಿತ ನೋಡಿ ನೀರಿನ ದಿಕ್ಕು ಹೇಳುತ್ತೇವೆ. ಅಲ್ಲಿ ಎರಡು ಕಡಲುಗಳ ನಡುವಿನ ಕಿರಿದಾದ ಬಾಯಿ, ಮುಂಗಾರಿನಲ್ಲಿ ನೀರು ಮನ್ನಾರ್ ಕೊಲ್ಲಿಯಿಂದ ಪಾಕ್ ಕೊಲ್ಲಿಗೆ, ಹಿಂಗಾರಿನಲ್ಲಿ ಅಲ್ಲಿಂದ ಇತ್ತ ಎಳೆಯುತ್ತದೆ.

ಹಿಂದಿನಿಂದ ತಳ್ಳುವ ಸೆಳೆತವೇ ಅಪಾಯದ್ದು. ನಿಮ್ಮ ಎಂಜಿನ್ 3 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಓಡಿಸುತ್ತಿದೆ, ಸೆಳೆತ 2 ನಾಟ್ ಎಂದರೆ ನೆಲದ ಲೆಕ್ಕದಲ್ಲಿ 5 ನಾಟ್. 300 ಮೀಟರ್ ದೂರ ಎರಡು ನಿಮಿಷದೊಳಗೆ ಮುಗಿಯುತ್ತದೆ. ಅಂಕಣ ಪೂರ್ತಿ ಏಳಲು ಅದರ ಎರಡೂವರೆ ಪಟ್ಟಿಗೂ ಹೆಚ್ಚು ಹೊತ್ತು ಬೇಕು. ಹಾಗಾಗಿ ಹಸಿರು ಬರುವ ಮುಂಚೆ ಹತ್ತಿರ ಹೋಗಿ ಕಾಯುವ ಯೋಚನೆ ಬಿಡಿ. ದೂರದಲ್ಲಿ ಲಂಗರು ಹಾಕಿ ನಿಲ್ಲಿ, ಇಲ್ಲವೇ ಸೆಳೆತಕ್ಕೆ ಮೂತಿ ತಿರುಗಿಸಿ ಎಂಜಿನ್ನಿನಲ್ಲಿ ತಡೆದು ನಿಲ್ಲಿ.

ಹೊರಡುವ ಮುಂಚೆ ರಿವರ್ಸ್ ಗೇರ್ ಹಾಕಿ ನೋಡಿ, ಚುಕ್ಕಾಣಿ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಬಲೆ, ಹೊರಚಾಚಿದ ಕೋಲುಗಳನ್ನೆಲ್ಲ ಒಳಗೆಳೆಯಿರಿ. ಎರಡೂ ಮಗ್ಗುಲಿಗೆ ಟಯರ್ ಇಳಿಬಿಡಿ. ಲಂಗರಿನ ಬಳಿ ಒಬ್ಬರು ಹಗ್ಗ ಬಿಡಲು ಸಿದ್ಧವಾಗಿ ನಿಲ್ಲಲಿ, ಇದು ಹೆಸರಿಗೆ ಮಾತ್ರ ಆಗಬಾರದು. ಎಳೆದೊಯ್ಯುವ ಬೋಟಿದ್ದರೆ ಹಗ್ಗ ಗಿಡ್ಡ ಮಾಡಿ, ಉದ್ದ ಹಗ್ಗದಲ್ಲಿ ಹಿಂದಿನದು ಸೇತುವೆಯ ಕಂಬಕ್ಕೆ ಬೀಸುತ್ತದೆ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ಲಿನಲ್ಲಿ ಕಿವಿಯಿರಲಿ. ಅಮೆರಿಕದ ನದಿಗಳಲ್ಲಿ ಸೇತುವೆ ಎತ್ತಿಸಲು ಒಂದು ದೀರ್ಘ, ಒಂದು ಗಿಡ್ಡ ಹಾರನ್ ಎಂಬ ಕಾನೂನೇ ಇದೆ. ಪಾಂಬನ್‌ನಲ್ಲಿ ಹಾರನ್ ಹೊಡೆದರೆ ಸೇತುವೆ ಏಳದು, ಬಂದರು ಕಚೇರಿ ಕೊಟ್ಟ ಸರದಿಯಲ್ಲೇ ಏಳುವುದು. ಆದರೆ ಐದು ಅಥವಾ ಹೆಚ್ಚು ಗಿಡ್ಡ ಹಾರನ್‌ಗಳು ಒಂದರ ಹಿಂದೊಂದು ಕೇಳಿದರೆ ಅದು ಜಗತ್ತಿನ ಎಲ್ಲ ಕಡಲಲ್ಲೂ "ನಿನ್ನ ನಡೆ ನನಗೆ ತಿಳಿಯುತ್ತಿಲ್ಲ, ಎಚ್ಚರ" ಎಂಬ ಸೂಚನೆ. ಕೂಡಲೇ ವೇಗ ಇಳಿಸಿ.

ದಾಟುವಾಗ ಕಾಲುವೆಯ ನಡುಮಧ್ಯ ಹಿಡಿಯಿರಿ, ಚುಕ್ಕಾಣಿ ಕೇಳುವಷ್ಟು ವೇಗ ಇರಲಿ. ಹೆದರಿ ಎಂಜಿನ್ ತಗ್ಗಿಸಿದರೆ ಬೋಟು ನೀರಿನ ಪಾಲಾಗುತ್ತದೆ. ಮುಂದಿನ ಬೋಟಿಗೂ ನಿಮಗೂ ನಡುವೆ ಅದು ಕೆಟ್ಟು ನಿಂತರೆ ನೀವು ತಪ್ಪಿಸಿಕೊಳ್ಳುವಷ್ಟು ಅಂತರವಿರಲಿ. ಅಡಿಯಲ್ಲೇ ಎಂಜಿನ್ ನಿಂತರೆ ಲಂಗರು ಬಿಟ್ಟು ಒಡನೆ ರೇಡಿಯೋದಲ್ಲಿ ಹೇಳಿ. ನಾಚಿಕೆಪಟ್ಟು ಸುಮ್ಮನಿದ್ದರೆ ಮೇಲಿನವರಿಗೆ ಗೊತ್ತಾಗುವುದು ಎಣಿಕೆ ತಪ್ಪಿದಾಗ. ದಾಟಿದ ಮೇಲೆ ಬಾಯಿಯಲ್ಲೇ ನಿಂತು ಗೆಳೆಯರ ಬೋಟಿಗೆ ಕಾಯಬೇಡಿ, ಹಿಂದಿನವರಿಗೆ ಜಾಗ ಬಿಟ್ಟು ದೂರ ಸರಿಯಿರಿ.

ಹೊರಡುವ ತಿಂಗಳನ್ನೂ ಲೆಕ್ಕ ಹಾಕಿ. ಕೇರಳದ ಟ್ರಾಲಿಂಗ್ ನಿಷೇಧ ಜೂನ್ ಎರಡನೇ ವಾರದಿಂದ ಜುಲೈ 31ರವರೆಗೆ 52 ದಿನ. ತಮಿಳುನಾಡಿನ ಪೂರ್ವ ಕರಾವಳಿಯದು ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ. ನಮ್ಮ ನಿಷೇಧ ಶುರುವಾಗುವ ಮುಂಚೆ ಅತ್ತ ಹೋಗಿ ದುಡಿಯೋಣ ಎಂದು ಮೇ ತಿಂಗಳಲ್ಲಿ ಹೊರಟರೆ ಸೇತುವೆಯ ಆಚೆ ಬಲೆ ಬಿಡುವಂತಿಲ್ಲ.